ಅಪ್‌ಡೇಟ್ ಎಲ್ಲಿ ನಿಂತಿತು?



ತಿಂಗಳಿಗೊಂದು ಬುಧವಾರ, ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರ ತಾಳ್ಮೆಗೆ ಪರೀಕ್ಷೆ ಬರುತ್ತದೆ. ಅದು ಬುಧವಾರವೇ ಯಾಕೆ ಬರಬೇಕು? ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಕಂಪನಿ 2003ರ ಅಕ್ಟೋಬರ್‌ನಿಂದ ಒಂದು ಪದ್ಧತಿ ಇಟ್ಟುಕೊಂಡಿದೆ. ಪ್ರತಿ ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ, ಆ ತಿಂಗಳ ಭದ್ರತಾ ಅಪ್‌ಡೇಟ್ ಬಿಡುಗಡೆಯಾಗುತ್ತದೆ. ಆಗ ನಮ್ಮಲ್ಲಿ ರಾತ್ರಿ ಹತ್ತೂವರೆ, ಚಳಿಗಾಲವಾದರೆ ಹನ್ನೊಂದೂವರೆ. ಕಚೇರಿಗೆ ಬೀಗ ಬಿದ್ದಿರುತ್ತದೆ, ಕಂಪ್ಯೂಟರ್ ಆಫ್ ಆಗಿರುತ್ತದೆ. ಮಾರನೆಯ ದಿನ ಬಂದು ಸ್ವಿಚ್ ಹಾಕಿದ ಮೇಲೆ ಅಪ್‌ಡೇಟ್ ಇಳಿಯಲು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಜಮೀನಿನ ಅಡಂಗಲ್ಲಿಗೋ ಆದಾಯ ಪ್ರಮಾಣಪತ್ರಕ್ಕೋ ಹೊರಗೆ ಜನ ಸಾಲು ನಿಂತಿರುತ್ತಾರೆ.

ನಾನು ಮಾತಾಡುತ್ತಿರುವುದು ಆಂಧ್ರದ ಅಗಳಿಯ ಕಡೆಯ ಕಚೇರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಮಡಕಶಿರಾ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಎಂಬ ಈ ಐದು ಮಂಡಲಗಳು ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದವು. 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ಜಿಲ್ಲೆಯ ಹೆಸರು ಬದಲಾದದ್ದು ಕೂಡ ಕಚೇರಿಯ ತಂತ್ರಾಂಶಗಳಿಗೆ ಒಂದು ಅಪ್‌ಡೇಟೇ ಆಯಿತು. 2019ರ ಅಕ್ಟೋಬರ್ 2ರಂದು ಆಂಧ್ರದಲ್ಲಿ ಗ್ರಾಮ ಸಚಿವಾಲಯಗಳು ಶುರುವಾದ ಮೇಲಂತೂ ಕಂಪ್ಯೂಟರ್ ಎಂಬುದು ಹಳ್ಳಿಯ ಬಾಗಿಲಿಗೇ ಬಂತು. ಶಾಲೆಯಲ್ಲೊಂದು, ಸೊಸೈಟಿಯಲ್ಲೊಂದು, ಜೆರಾಕ್ಸ್ ಅಂಗಡಿಯಲ್ಲೊಂದು. ಇಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ತೆಲುಗು, ಕಂಪ್ಯೂಟರ್ ಕೊಡುವ ಸೂಚನೆ ಇಂಗ್ಲಿಷು. ಅದನ್ನು ಓದುವ ಗೋಜಿಗೆ ಹೋಗದೆ ಓಕೆ ಒತ್ತುವವರೇ ಹೆಚ್ಚು. ತೊಂದರೆಯ ಅರ್ಧಪಾಲು ಅಲ್ಲಿಂದಲೇ ಶುರು.

ಕಂಪ್ಯೂಟರ್ ರಿಪೇರಿ ಮಾಡುವ ನನ್ನಂಥವರಿಗೆ ಆ ಬುಧವಾರ ಬರುವ ಫೋನು ಹೆಚ್ಚುಕಡಿಮೆ ಹೀಗಿರುತ್ತದೆ.

“ಅಣ್ಣಾ, ಅಪ್‌ಡೇಟ್ ಫೇಲಾಗೈತೆ. ಏನ್ ಮಾಡ್ಲಿ?”

“ಎಲ್ಲಿಗ್ ಬಂದ್ ನಿಂತೈತಪ್ಪ?”

“ಸ್ಕ್ರೀನ್ ಮೇಲೇ ನಿಂತೈತಣ್ಣಾ!”

ನಕ್ಕುಬಿಡಬಹುದು. ಆದರೆ ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಒಂದು ಪ್ರಶ್ನೆಯಲ್ಲೇ ಇದೆ. ಅಪ್‌ಡೇಟ್ ಯಾಕೆ ಕೆಟ್ಟಿತು ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಎಲ್ಲಿ ನಿಂತಿತು ಎಂದು ನೋಡಿ. ಅಪ್‌ಡೇಟಿಗೆ ಮೂರು ಹಂತ. ಮೊದಲನೆಯದು ಇಳಿಸಿಕೊಳ್ಳುವುದು, ಅಂದರೆ ಡೌನ್‌ಲೋಡ್. ಎರಡನೆಯದು ಅಳವಡಿಸುವುದು, ಅಂದರೆ ಇನ್‌ಸ್ಟಾಲ್. ಮೂರನೆಯದು ಆಫ್ ಆಗಿ ಮತ್ತೆ ಆನ್ ಆಗುವ ರೀಸ್ಟಾರ್ಟ್. ಒಂದೊಂದು ಹಂತಕ್ಕೂ ಅದರದೇ ರೋಗ, ಅದರದೇ ಮದ್ದು. ಮೊದಲ ಹಂತದ ರೋಗಕ್ಕೆ ಮೂರನೆಯದರ ಮದ್ದು ಕೊಟ್ಟರೆ ಇದ್ದ ಕಂಪ್ಯೂಟರೂ ಹಾಳು.

ಮೊದಲನೆಯದಕ್ಕೆ ಬರೋಣ. ಡೌನ್‌ಲೋಡ್ ಶೇಕಡಾ ಸೊನ್ನೆಯಲ್ಲೋ ಇಪ್ಪತ್ತರಲ್ಲೋ ನಿಂತು ಮುಂದೆ ಹೋಗದಿದ್ದರೆ ಕಂಪ್ಯೂಟರಿನೊಳಗೆ ಕೈ ಹಾಕಬೇಡಿ, ದಾರಿ ನೋಡಿ. ಇಂಟರ್‌ನೆಟ್ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಬರುತ್ತಿದೆಯೇ? ಆ ಸಂಪರ್ಕಕ್ಕೆ ‘ಮೀಟರ್ಡ್’ ಎಂಬ ಗುರುತು ಬಿದ್ದಿದ್ದರೆ ನಿಮ್ಮ ಡೇಟಾ ಖರ್ಚಾದೀತೆಂದು ವಿಂಡೋಸ್ ತಾನಾಗಿಯೇ ತಡೆದು ನಿಲ್ಲುತ್ತದೆ. ಅದು ಕೆಟ್ಟದ್ದಲ್ಲ, ಜಿಪುಣತನ. ಸೆಟ್ಟಿಂಗ್ಸ್‌ಗೆ ಹೋಗಿ ಆ ಗುರುತು ತೆಗೆದರೆ ಸರಿಹೋಗುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕೈದು ಕಂಪ್ಯೂಟರ್ ಇದ್ದರೆ ‘ಡೆಲಿವರಿ ಆಪ್ಟಿಮೈಸೇಶನ್’ ಎಂಬ ಇನ್ನೊಂದು ಅನುಕೂಲವಿದೆ. ಅದನ್ನು ಆನ್ ಮಾಡಿದರೆ ಒಂದು ಕಂಪ್ಯೂಟರ್ ಇಳಿಸಿಕೊಂಡದ್ದನ್ನು ಪಕ್ಕದವು ಅದರಿಂದಲೇ ಪಡೆದುಕೊಳ್ಳುತ್ತವೆ. ನೆಟ್ ನಿಧಾನವಿರುವ ನಮ್ಮಂಥ ಊರುಗಳಿಗೆ ಇದು ವರ.

ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳದಂಥದ್ದು. ಪರದೆಯ ಮೇಲೆ ಸೊನ್ನೆ, ಎಕ್ಸ್, ಆಮೇಲೆ 80072, ಎಫ್, 8, ಎಫ್ ಎಂಬ ಸಂಖ್ಯೆ ಬಂದರೆ ಮೂಲೆಯಲ್ಲಿರುವ ಗಡಿಯಾರ ನೋಡಿ. ತಾರೀಖು ಹತ್ತು ವರ್ಷ ಹಿಂದಿನದಿದ್ದರೂ ಆಶ್ಚರ್ಯಪಡಬೇಡಿ. ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಅಂಗಡಿಯಲ್ಲಿ ಸಿಆರ್ 2032 ಎಂದು ಕೇಳಿದರೆ ಕೊಡುತ್ತಾರೆ. ಕರೆಂಟ್ ಹೋದಾಗ ಗಡಿಯಾರ ನಡೆಸುವುದು ಅದೇ. ವರ್ಷಗಳು ಕಳೆದು ಅದು ಸತ್ತುಹೋದರೆ ಪ್ರತಿ ಬಾರಿ ಕರೆಂಟ್ ಹೋಗಿ ಬಂದಾಗಲೂ ಕಂಪ್ಯೂಟರ್ ಹಳೆಯ ತಾರೀಖಿಗೆ ಜಾರುತ್ತದೆ. ಮೈಕ್ರೋಸಾಫ್ಟ್‌ನ ಸರ್ವರ್ ತನ್ನ ಗುರುತಿಗೆಂದು ಒಂದು ಡಿಜಿಟಲ್ ಪ್ರಮಾಣಪತ್ರ ತೋರಿಸುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ನಿಮ್ಮ ಕಂಪ್ಯೂಟರಿನ ತಾರೀಖು ಆ ಅವಧಿಗೆ ಹೊಂದದಿದ್ದರೆ ಪ್ರಮಾಣಪತ್ರವೇ ಸುಳ್ಳೆಂದು ಅದು ಸಂಪರ್ಕ ಕಡಿದುಬಿಡುತ್ತದೆ. ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಲು ಹೊರಟವರಿಗೆ ಬೇಕಾಗಿದ್ದದ್ದು ಆ ಚಿಲ್ಲರೆ ಕಾಸಿನ ಬ್ಯಾಟರಿ ಮಾತ್ರ.

ಈಗ ಎರಡನೇ ಹಂತ. ಎಲ್ಲ ಇಳಿದಿದೆ, ಆದರೆ ಅಳವಡಿಕೆ ಆಗುತ್ತಿಲ್ಲ. ಇಲ್ಲಿ ಬಹಳ ಸಲ ಕಾಣುವ ಕಾರಣ ಜಾಗ. ಸೊನ್ನೆ ಎಕ್ಸ್ 80070070 ಎಂದು ಬಂದರೆ ಸಿ ಡ್ರೈವ್ ತುಂಬಿದೆ ಎಂದೇ ಅರ್ಥ. ಅಪ್‌ಡೇಟಿಗೆ ಅದರ ಗಾತ್ರಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಕು. ಹಳೇ ಮನೆ ಕೆಡವದೆ ಪಕ್ಕದಲ್ಲೇ ಹೊಸ ಮನೆ ಕಟ್ಟಿ, ಒಗ್ಗದಿದ್ದರೆ ಹಳೇ ಮನೆಗೇ ವಾಪಸು ಬರುವ ಹಾಗೆ ಅದರ ಏರ್ಪಾಟು. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ಆದ ಮೇಲೆ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಹಳೆಯದು ಹತ್ತು ದಿನ ಹಾಗೇ ಇರುತ್ತದೆ. ಅಷ್ಟರೊಳಗೆ ಹಿಂದಿರುಗಬಹುದು. ಆದ್ದರಿಂದ ಸಿ ಡ್ರೈವಿನಲ್ಲಿ ಯಾವಾಗಲೂ ಇಪ್ಪತ್ತು ಜಿಬಿಯಾದರೂ ಖಾಲಿ ಬಿಡಿ. ಡೆಸ್ಕ್‌ಟಾಪ್ ಮೇಲೆ ಹಾಕಿಟ್ಟ ಮದುವೆ ವಿಡಿಯೊ, ಸ್ಕ್ಯಾನ್ ಮಾಡಿದ ಸಾವಿರಾರು ಕಾಗದ, ಇವೆಲ್ಲ ಕೂತಿರುವುದು ಸಿ ಡ್ರೈವಿನಲ್ಲೇ. ಅವನ್ನು ಡಿ ಡ್ರೈವಿಗೆ ಸಾಗಿಸಿ, ‘ಡಿಸ್ಕ್ ಕ್ಲೀನಪ್’ ಓಡಿಸಿ.

ಜಾಗವಿದ್ದೂ ಆಗದಿದ್ದರೆ ಇಳಿಸಿದ ಕಡತವೇ ಅರೆಬರೆಯಾಗಿರಬಹುದು. ಅದು ಇರುವುದು ಸಿ ಡ್ರೈವ್, ವಿಂಡೋಸ್ ಫೋಲ್ಡರ್, ಅದರೊಳಗಿನ ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಎಂಬಲ್ಲಿ. ಸರ್ವಿಸಸ್ ಪಟ್ಟಿಯಲ್ಲಿ ‘ವಿಂಡೋಸ್ ಅಪ್‌ಡೇಟ್’ ಮತ್ತು ‘ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್’ ಎಂಬ ಎರಡನ್ನೂ ನಿಲ್ಲಿಸಿ, ಆ ಫೋಲ್ಡರಿನ ಹೆಸರು ಬದಲಿಸಿ, ಎರಡನ್ನೂ ಮತ್ತೆ ಶುರು ಮಾಡಿ. ವಿಂಡೋಸ್ ಹೊಸ ಫೋಲ್ಡರ್ ಮಾಡಿಕೊಂಡು ಎಲ್ಲವನ್ನೂ ಮೊದಲಿನಿಂದ ತರಿಸಿಕೊಳ್ಳುತ್ತದೆ. ನಿಮ್ಮ ಕಾಗದಪತ್ರಕ್ಕೆ ಏನೂ ಆಗುವುದಿಲ್ಲ.

ಇಷ್ಟಕ್ಕೂ ಜಗ್ಗದಿದ್ದರೆ ಕೆಟ್ಟಿರುವುದು ವಿಂಡೋಸಿನ ಮೂಲ ಕಡತಗಳೇ. ಅದಕ್ಕೆ ಎರಡು ಆಜ್ಞೆಗಳಿವೆ, ಬರೆದುಕೊಳ್ಳಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ಡಿ, ಐ, ಎಸ್, ಎಂ; ಜಾಗ ಬಿಟ್ಟು ಓರೆಗೆರೆ, ಆನ್‌ಲೈನ್; ಜಾಗ ಬಿಟ್ಟು ಓರೆಗೆರೆ, ಕ್ಲೀನಪ್ ಅಡ್ಡಗೆರೆ ಇಮೇಜ್; ಜಾಗ ಬಿಟ್ಟು ಓರೆಗೆರೆ, ರಿಸ್ಟೋರ್‌ಹೆಲ್ತ್. ಇದು ಓಡುವಾಗ ಶೇಕಡಾ 62.3ಕ್ಕೆ ಬಂದು ಬಹಳ ಹೊತ್ತು ಅಲ್ಲಾಡದೆ ನಿಲ್ಲುವುದುಂಟು. ಸತ್ತಿತೆಂದು ಕಿಟಕಿ ಮುಚ್ಚಬೇಡಿ, ಕೆಲಸ ನಡೆಯುತ್ತಿರುತ್ತದೆ. ಅದು ಮುಗಿದ ಮೇಲೆ ಎಸ್, ಎಫ್, ಸಿ. ಜಾಗ ಬಿಟ್ಟು ಓರೆಗೆರೆ, ಸ್ಕ್ಯಾನ್‌ನೌ. ಮೊದಲನೆಯದು ಬಿತ್ತನೆಯ ದಾಸ್ತಾನು ಸರಿಮಾಡುತ್ತದೆ ಅನ್ನಿ. ಎರಡನೆಯದು ಅದರಿಂದ ತೆಗೆದು ಕೆಟ್ಟ ಕಡತದ ಜಾಗದಲ್ಲಿ ಒಳ್ಳೆಯದನ್ನು ಇಡುತ್ತದೆ. ಹಿಂದುಮುಂದಾದರೆ ಫಲ ಕಡಿಮೆ.

ಒಂದು ಎಚ್ಚರಿಕೆಯೂ ಬೇಕು. ತಪ್ಪು ಯಾವಾಗಲೂ ನಿಮ್ಮ ಕಂಪ್ಯೂಟರಿನದೇ ಆಗಿರಬೇಕಿಲ್ಲ. 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಬಂದ ಕೆಬಿ 5034441 ಎಂಬ ಅಪ್‌ಡೇಟ್ ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟು ಕಂಪ್ಯೂಟರ್‌ಗಳಲ್ಲಿ ಸೊನ್ನೆ ಎಕ್ಸ್ 80070643 ಎಂದು ಹೇಳಿ ಬಿದ್ದುಹೋಯಿತು. ಆ ಸಂಖ್ಯೆಯ ಅರ್ಥ ಅಳವಡಿಕೆ ಆಗಲಿಲ್ಲ ಎಂದಷ್ಟೇ. ನಿಜವಾದ ಕಾರಣ ಬೇರೆ ಇತ್ತು. ಡಿಸ್ಕಿನಲ್ಲಿ ದುರಸ್ತಿಗೆಂದು ಬಚ್ಚಿಟ್ಟಿರುವ ಒಂದು ಸಣ್ಣ ಭಾಗವಿರುತ್ತದೆ, ರಿಕವರಿ ಪಾರ್ಟಿಶನ್. ಅದರಲ್ಲಿ ಜಾಗ ಸಾಲಲಿಲ್ಲ. ಅದನ್ನು 250 ಎಂಬಿ ಹಿಗ್ಗಿಸಿಕೊಳ್ಳಿ ಎಂದು ಮೈಕ್ರೋಸಾಫ್ಟೇ ಆಜ್ಞೆಗಳ ಪಟ್ಟಿ ಕೊಟ್ಟಿತು. ಆ ಭಾಗವೇ ಇಲ್ಲದ ಕಂಪ್ಯೂಟರ್‌ಗಳಿಗೆ ಆ ಅಪ್‌ಡೇಟ್ ಬೇಕಾಗಿಯೇ ಇರಲಿಲ್ಲ. ಆದರೂ ಅಲ್ಲೂ ಅದೇ ಎರರ್ ತೋರಿಸಿತು. ಅದಕ್ಕೇ ಕೆಬಿ ಸಂಖ್ಯೆ ಬರೆದಿಟ್ಟುಕೊಳ್ಳಿ ಅನ್ನುವುದು. ಒಂದೇ ಅಪ್‌ಡೇಟ್ ಎಲ್ಲರ ಕಡೆಯೂ ಬೀಳುತ್ತಿದ್ದರೆ ನಾಲ್ಕು ದಿನ ಕಾಯುವುದೇ ಜಾಣತನ.

ಮೂರನೇ ಹಂತ ರೀಸ್ಟಾರ್ಟ್. ಕಚೇರಿಗಳಲ್ಲಿ ಅನಾಹುತ ಆಗುವುದೆಲ್ಲ ಇಲ್ಲೇ. ನೀಲಿ ಪರದೆ, ಸುತ್ತುವ ಚುಕ್ಕಿಗಳು, ಕಂಪ್ಯೂಟರ್ ಆಫ್ ಮಾಡಬೇಡಿ ಎಂಬ ಸೂಚನೆ. ಶೇಕಡಾ ಮೂವತ್ತಕ್ಕೆ ಬಂದು ಅರ್ಧ ಗಂಟೆ ನಿಲ್ಲುತ್ತದೆ. ಕೌಂಟರಿನ ಆಚೆ ಜನ ಗೊಣಗುತ್ತಾರೆ, ಒಳಗಿನಿಂದ ಸಾಹೇಬರು ಕೂಗುತ್ತಾರೆ, ಆಪರೇಟರ್ ಹುಡುಗಿಯ ಕೈ ತಾನಾಗಿ ಪವರ್ ಬಟನ್ನಿಗೆ ಹೋಗುತ್ತದೆ. ಅಲ್ಲಿ ಸ್ವಲ್ಪ ತಡೆಯಿರಿ. ಸಿಪಿಯು ಡಬ್ಬಿಯ ಮುಂದಿರುವ ಡಿಸ್ಕಿನ ದೀಪ ಮಿಣುಕುತ್ತಿದೆಯೇ ನೋಡಿ. ಮಿಣುಕುತ್ತಿದ್ದರೆ ಒಳಗೆ ಬರವಣಿಗೆ ನಡೆದಿದೆ. ಮಾಡಿದ ಬದಲಾವಣೆ ಹಿಂತೆಗೆಯುತ್ತಿದ್ದೇನೆ ಎಂದು ತೋರಿಸಿದರೂ ಬಿಟ್ಟುಬಿಡಿ. ಅದು ಸೋತು ಹಿಂದಿರುಗುವ ದಾರಿಯಲ್ಲಿದೆ. ಆ ದಾರಿಯನ್ನೂ ಕಡಿದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಯುಪಿಎಸ್ ಬ್ಯಾಟರಿ ಹತ್ತು ನಿಮಿಷವೂ ತಡೆಯದ ಕಚೇರಿಯಲ್ಲಿ, ಕರೆಂಟ್ ಹೋಗುವ ಹೊತ್ತಿನಲ್ಲಿ ರೀಸ್ಟಾರ್ಟ್ ಒತ್ತಲೇಬೇಡಿ.

ಹೀಗೆ ನಡುವೆ ಕರೆಂಟ್ ಹೋಗಿ ವಿಂಡೋಸ್ ಮೇಲೇಳದಿದ್ದರೂ ಗಾಬರಿ ಬೇಡ. ಒಂದೆರಡು ಸಲ ಮೇಲೇಳಲು ಪ್ರಯತ್ನಿಸಿ ಸೋತ ಮೇಲೆ ವಿಂಡೋಸ್ ತಾನೇ ದುರಸ್ತಿಯ ಪರದೆ ತೆರೆಯುತ್ತದೆ. ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್ಡ್ ಆಪ್ಷನ್ಸ್’, ಅದರೊಳಗೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ಕೊನೆಗೆ ಬಂದ ಅಪ್‌ಡೇಟನ್ನು ಅಲ್ಲಿಂದ ತೆಗೆದುಹಾಕಬಹುದು. ಕಡತ ಒಂದೂ ಹೋಗುವುದಿಲ್ಲ.

ವಿಂಡೋಸ್ ಅಲ್ಲದವರಿಗೂ ಒಂದು ಮಾತು. ಕೇರಳದ ಸರ್ಕಾರಿ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿದಂತೆ, ಉಬುಂಟು ಆಧಾರಿತ ಲಿನಕ್ಸ್ ಬಳಕೆಯಲ್ಲಿದೆ. ಅಲ್ಲಿ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಮುಂದಿನ ಸಲ ಡಿಪಿಕೆಜಿ ಅರ್ಧಕ್ಕೆ ನಿಂತಿದೆ ಎಂಬ ಸೂಚನೆ ಬರುತ್ತದೆ. ಯಾವ ಆಜ್ಞೆ ಕೊಟ್ಟರೆ ಸರಿಹೋಗುತ್ತದೆ ಎಂಬುದೂ ಅದೇ ಸಾಲಿನಲ್ಲಿ ಇರುತ್ತದೆ. ಇದ್ದದ್ದನ್ನು ಇದ್ದಂತೆ ಟೈಪ್ ಮಾಡಿದರೆ ಸಾಕು. ಓದಿದವರಿಗೆ ಎರಡು ನಿಮಿಷದ ಕೆಲಸ, ಓದದವರಿಗೆ ಎರಡು ದಿನದ್ದು.

ಇಷ್ಟೆಲ್ಲ ರಗಳೆ ಇರುವಾಗ ಅಪ್‌ಡೇಟನ್ನೇ ನಿಲ್ಲಿಸಿಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಹಾಗೆ ನಿಲ್ಲಿಸಿಟ್ಟವರೂ ಇದ್ದಾರೆ. ಅವರ ಕಂಪ್ಯೂಟರಿನಲ್ಲಿ ಸೊನ್ನೆ ಎಕ್ಸ್ 80070422 ಎಂದು ಬರುತ್ತದೆ, ಅಂದರೆ ಅಪ್‌ಡೇಟ್ ಸೇವೆಯನ್ನೇ ಯಾರೋ ಬಂದ್ ಮಾಡಿದ್ದಾರೆ ಎಂದು. ಅವರು 2017ನ್ನು ನೆನಪಿಸಿಕೊಳ್ಳಬೇಕು. ವಿಂಡೋಸಿನ ಒಂದು ದೊಡ್ಡ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ವರ್ಷ ಮಾರ್ಚ್ 14ರಂದೇ ಕೊಟ್ಟಿತ್ತು. ಹೆಚ್ಚುಕಡಿಮೆ ಎರಡು ತಿಂಗಳಾದ ಮೇಲೆ, ಮೇ 12ರಂದು, ಅದೇ ಬಿರುಕಿನಿಂದ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ನುಗ್ಗಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಬಿತ್ತು. ಬಿಡಿಸಲು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ನಮ್ಮ ಆಂಧ್ರಪ್ರದೇಶದಲ್ಲೂ ಚಿತ್ತೂರು, ಗುಂಟೂರು ಮೊದಲಾದ ಜಿಲ್ಲೆಗಳ ಪೊಲೀಸ್ ಕಂಪ್ಯೂಟರ್‌ಗಳಿಗೆ ಅದು ತಗುಲಿತು. ಹೊತ್ತಿಗೆ ಸರಿಯಾಗಿ ಅಪ್‌ಡೇಟ್ ಆಗಿದ್ದ ಕಂಪ್ಯೂಟರ್‌ಗಳಲ್ಲಿ ಆ ಬಾಗಿಲು ಮುಚ್ಚಿತ್ತು.

ಹಾಗೆಂದು ಬಂದದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಿಕೊಳ್ಳಬೇಕೆ? ಅದಕ್ಕೆ ಉತ್ತರ 2024ರ ಜುಲೈ 19ರ ಶುಕ್ರವಾರದಲ್ಲಿದೆ. ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಗ್ರಾಹಕರೆಲ್ಲರಿಗೂ ಒಮ್ಮೆಗೇ ಒಂದು ಸಣ್ಣ ಕಡತ ಕಳಿಸಿತು. 21 ಅಂಶ ಇರಬೇಕೆಂದು ಅದರ ತಂತ್ರಾಂಶದ ಒಂದು ಭಾಗ ತಿಳಿದಿತ್ತು, ಇನ್ನೊಂದು ಭಾಗ ಕೊಟ್ಟದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ವಿಂಡೋಸ್ ಕುಸಿಯಿತು. ಒಂದೂಕಾಲು ಗಂಟೆಯಲ್ಲಿ ಕಂಪನಿ ಕಡತ ವಾಪಸು ಪಡೆಯಿತಾದರೂ ಅಷ್ಟರಲ್ಲಿ 85 ಲಕ್ಷ ಕಂಪ್ಯೂಟರ್‌ಗಳು ಮಲಗಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಾಲುಗಳು ಬೆಳೆದು ಕೈಯಲ್ಲೇ ಚೆಕ್-ಇನ್ ಮಾಡಬೇಕಾಯಿತು. ಹೈದರಾಬಾದಿನಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಪರಿಹಾರ ಸುಲಭವೇ ಇತ್ತು: ಸೇಫ್ ಮೋಡ್‌ಗೆ ಹೋಗಿ ಆ ಒಂದು ಕಡತ ಅಳಿಸುವುದು. ಆದರೆ ಒಂದೊಂದು ಕಂಪ್ಯೂಟರಿನ ಮುಂದೆಯೂ ಮನುಷ್ಯ ಹೋಗಿ ಕೂರಬೇಕಿತ್ತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದ ಕಡೆ 48 ಅಂಕಿಯ ಕೀಲಿ ಕೇಳಿತು. ಅದನ್ನು ಎಲ್ಲೂ ಬರೆದಿಡದವರು ಪೇಚಾಡಿದರು. ಆಮೇಲೆ ಕಂಪನಿಯೇ ದಾರಿ ಬದಲಿಸಿತು: ಇನ್ನು ಮುಂದೆ ಮೊದಲು ಕೆಲವು ಕಂಪ್ಯೂಟರ್‌ಗಳಿಗೆ, ಸರಿಬಂದರೆ ಉಳಿದವಕ್ಕೆ ಎಂದಿತು.

ಈ ಪಾಠ ಐದು ಕಂಪ್ಯೂಟರ್ ಇರುವ ಕಚೇರಿಗೂ ಸಲ್ಲುತ್ತದೆ. ಕೌಂಟರಿನಲ್ಲಿಲ್ಲದ ಒಂದನ್ನು ಆರಿಸಿ ಮೊದಲು ಅದಕ್ಕೆ ಅಪ್‌ಡೇಟ್ ಹಾಕಿ. ಉಳಿದವಕ್ಕೆ ‘ಪಾಝ್’ ಒತ್ತಿ. ಐದು ವಾರದವರೆಗೆ ಹಾಗೆ ತಡೆಹಿಡಿಯಲು ಅವಕಾಶವಿದೆ. ನಮಗೆ ಬೇಕಾದದ್ದು ಮೂರು ನಾಲ್ಕು ದಿನ ಮಾತ್ರ. ಆ ಒಂದು ಕಂಪ್ಯೂಟರಿನಲ್ಲಿ ನಿತ್ಯದ ಕೆಲಸ ಎಲ್ಲ ಮಾಡಿ ನೋಡಿ. ಪ್ರಿಂಟರ್ ಕಾಗದ ಬಿಡುತ್ತಿದೆಯೇ, ಬೆರಳಚ್ಚಿನ ಯಂತ್ರ ಬೆರಳು ಗುರುತಿಸುತ್ತಿದೆಯೇ, ತೆಲುಗು ಮತ್ತು ಕನ್ನಡ ಎರಡೂ ಕೀಲಿಮಣೆ ಕೆಲಸ ಮಾಡುತ್ತಿವೆಯೇ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಕಡತ ಕೆಟ್ಟಿಲ್ಲ, ಫಾಂಟ್ ಮಾತ್ರ ಹೋಗಿದೆ. ಮತ್ತೆ ಹಾಕಿದರೆ ಅಕ್ಷರ ಮರಳುತ್ತದೆ. ಹೊಸದಾಗಿ ಬರೆಯುವುದನ್ನು ಯೂನಿಕೋಡಿನಲ್ಲೇ ಬರೆದರೆ ಆ ಭಯವೂ ಇಲ್ಲ.

ಇನ್ನು ಹಳೆಯ ಕಂಪ್ಯೂಟರ್‌ಗಳ ವಿಷಯ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಲೇಬೇಕು, ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರಬೇಕು. ಅವಿಲ್ಲದ ಕಂಪ್ಯೂಟರ್ ಅರ್ಹವಲ್ಲ ಎಂದು ಹೇಳಿದರೆ ಅದು ದುರಸ್ತಿಯಾಗುವ ಎರರ್ ಅಲ್ಲ. ಯಾರದೋ ಮಾತು ಕೇಳಿ ಅಡ್ಡದಾರಿಯಲ್ಲಿ ಹಾಕಿಸುವ ಬದಲು ಮೇಲಧಿಕಾರಿಗಳಿಗೆ ಬರೆದು ತಿಳಿಸಿ.

ಕೊನೆಯ ಮಾತು ಆಪರೇಟರ್‌ಗಳಿಗಲ್ಲ, ಕಚೇರಿಯ ಮುಖ್ಯಸ್ಥರಿಗೆ. ಸಾರ್, ಮೇಡಂ, ನಾನು ಹೇಳಿದ ಮೂರು ಹಂತಗಳಲ್ಲಿ ಅಪ್‌ಡೇಟ್ ಎಲ್ಲಿ ನಿಂತಿತೆಂದು ಹುಡುಕುತ್ತಾ ಹೋದರೆ ಎಷ್ಟೋ ಸಲ ಅದು ನಿಂತಿರುವುದು ನಿಮ್ಮ ಮೇಜಿನ ಮೇಲೆ. ನೆಟ್‌ಗೆ ಕಟ್ಟಿದ ಹಣ ಸಾಲದೆ ಡೌನ್‌ಲೋಡ್ ನಿಂತಿತು. ಹೊಸ ಡಿಸ್ಕಿನ ಬೇಡಿಕೆಗೆ ಸಹಿ ಬೀಳದೆ ಅಳವಡಿಕೆ ನಿಂತಿತು. ಅರ್ಧ ಗಂಟೆ ಕೌಂಟರ್ ಮುಚ್ಚಲು ಒಪ್ಪದೆ ರೀಸ್ಟಾರ್ಟ್ ನಿಂತಿತು. ಅಪ್‌ಡೇಟ್ ಆಗುತ್ತಿರುವಾಗ ಆಪರೇಟರ್ ಸುಮ್ಮನೆ ಕೂತಂತೆ ಕಾಣುತ್ತದೆ. ಬೈಸಿಕೊಳ್ಳುವ ಭಯಕ್ಕೆ ಅವರು ನಡುವೆ ಆಫ್ ಮಾಡುತ್ತಾರೆ. ಆಮೇಲೆ ಎರಡು ದಿನ ಕಚೇರಿಯೇ ಸುಮ್ಮನೆ ಕೂರುತ್ತದೆ. ತಿಂಗಳಿಗೊಂದು ಸಂಜೆ ಗೊತ್ತುಮಾಡಿ. ಇಂಥ ದಿನ ನಾಲ್ಕರ ಮೇಲೆ ಕೌಂಟರ್ ಇಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿ. ಹಾಜರಿ ಪುಸ್ತಕದ ಪಕ್ಕ ಇನ್ನೊಂದು ನೂರು ಪುಟದ ಪುಸ್ತಕ ಇಡಿಸಿ: ತಾರೀಖು, ಯಾವ ಕಂಪ್ಯೂಟರ್, ಕೆಬಿ ಸಂಖ್ಯೆ, ಎರರ್ ಸಂಖ್ಯೆ, ಏನು ಮಾಡಿದ್ದು, ಸರಿಯಾಯಿತೋ ಇಲ್ಲವೋ. ತಿಂಗಳ ಕೊನೆಗೆ ಅದಕ್ಕೊಂದು ಸಹಿ ಹಾಕಿ. ಬಿಟ್‌ಲಾಕರ್ ಕೀಲಿಯನ್ನು ಮಾತ್ರ ಆ ಪುಸ್ತಕದಲ್ಲಿ ಬರೆಸಬೇಡಿ, ಬೀರುವಿನಲ್ಲಿಡಿ.

ಇಷ್ಟು ಮಾಡಿದರೆ ಎರರ್ ಬರುವುದೇ ಇಲ್ಲ ಎಂದು ಹೇಳಲಾರೆ, ಬರುತ್ತದೆ. ಆದರೆ ಆ ಎರರ್ ಹಿಂದೆ ಬಂದದ್ದೋ ಹೊಸದೋ ಎಂಬುದು ಪುಸ್ತಕ ತೆರೆದರೆ ಗೊತ್ತಾಗುತ್ತದೆ. ಹಿಂದೆ ಬಂದದ್ದಾದರೆ ನನ್ನಂಥವನಿಗೆ ಫೋನು ಮಾಡುವ ಅಗತ್ಯವೂ ಬೀಳುವುದಿಲ್ಲ. ನನಗದರಿಂದ ನಷ್ಟವೇ, ಸಾಲಿನಲ್ಲಿ ನಿಂತವರಿಗೆ ಲಾಭ.